ಬೋನಸ್ ಕೈಸೇರಿದ ಮರುವಾರವೇ ಮೂವರು ಬಿಟ್ಟುಹೋದರು, ಅನುಭವಸ್ಥರು ಹೇಳಿ

ಪೀಣ್ಯದವನು: ನನ್ನದು ಹದಿನಾಲ್ಕು ಜನರ, ಕಂಪ್ಯೂಟರ್ ಹಿಡಿತದ ಯಂತ್ರಗಳ ಸಿಎನ್‌ಸಿ ಘಟಕ. ಆಯುಧಪೂಜೆ ಬೋನಸ್ ಪಡೆದ ಮರುವಾರವೇ ಮೂವರು ಆಪರೇಟರ್‌ಗಳು ಪಕ್ಕದ ರಸ್ತೆಯ ಘಟಕ ಸೇರಿದರು. ಸಂಬಳದ ವ್ಯತ್ಯಾಸ ಬರೀ 800 ರೂಪಾಯಿ. ಉಳಿದವರಿಗೂ ಕೆಲಸದಲ್ಲಿ ಮನಸ್ಸಿಲ್ಲ. ನೀವೆಲ್ಲ ಏನು ಮಾಡಿದಿರಿ?

ಮಾಚೇನಹಳ್ಳಿ, ಶಿವಮೊಗ್ಗ: ಇನ್ಸೆಂಟಿವ್ ಕಡೆಗೆ ಮಾತ್ರ ತಲೆ ಹಾಕಬೇಡಿ. ಪಾಳಿಗೆ 180 ಬುಶ್ (ಲೋಹದ ಕೊಳವೆಯಂಥ ಬಿಡಿಭಾಗ) ದಾಟಿದರೆ ಪೀಸಿಗೆ ಎರಡು ರೂಪಾಯಿ ಎಂದು ಬೋರ್ಡ್ ಬರೆಸಿದೆ. ಮೊದಲ ತಿಂಗಳು 230ಕ್ಕೆ ಏರಿತು, ಹಿಗ್ಗಿಹೋದೆ. ಎರಡನೆಯ ತಿಂಗಳು ಒಂದೇ ಲಾಟಿನಲ್ಲಿ 412 ಬುಶ್ ವಾಪಸ್ ಬಂದವು, ಒಳವ್ಯಾಸ 40 ಮೈಕ್ರಾನ್ ಕಡಿಮೆ. ಸವೆದ ಇನ್ಸರ್ಟ್, ಅಂದರೆ ಲೋಹ ಕೊರೆಯುವ ಅಲಗು, ಬದಲಿಸಲು ಐದು ನಿಮಿಷ ಕಳೆದುಕೊಳ್ಳುವವರು ಯಾರು? ಒಳವ್ಯಾಸ ಸರಿಪಡಿಸಲು ಮತ್ತೆ ಬೋರಿಂಗ್, ಎರಡು ಸಲ ಟೆಂಪೊ ಬಾಡಿಗೆ 2,600ರಂತೆ, ಮೇಲೆ ಗ್ರಾಹಕರು ನಮ್ಮ ಲೆಕ್ಕದಲ್ಲಿ ಮುರಿದುಕೊಂಡ 38,000ದ ಡೆಬಿಟ್ ನೋಟ್. ಇನ್ಸೆಂಟಿವ್ ಎಂದು ಹಂಚಿದ್ದು 21,000! ಬೋರ್ಡ್ ಅಳಿಸಿದ ದಿನವೇ ಇಬ್ಬರು ಹೊರಟರು.

ಹಳೆಯ ಟರ್ನರ್: ಬೋರ್ಡ್ ಬರೆಸಿದವರು ನೀವು, ತಪ್ಪು ಮಾತ್ರ ಆಪರೇಟರ್‌ನದೇ? 19 ವರ್ಷ ಲೇತ್ ಮುಂದೆ ನಿಂತವನು ನಾನು. ‘ತಿಂಗಳ ಉತ್ತಮ ನೌಕರ’ ಎಂದು ನನ್ನ ಫೋಟೊ ಗೋಡೆಗೆ ಹಾಕಿದರು. ಅದೇ ತಿಂಗಳ 46 ಗಂಟೆ ಓವರ್‌ಟೈಮಿಗೆ ಒಂಟಿ ದರ. ಕಾರ್ಖಾನೆ ಕಾಯ್ದೆಯ 59ನೇ ಕಲಂ ಇಮ್ಮಡಿ ಕೊಡಿ ಎನ್ನುತ್ತಿತ್ತು. ಕೇಳಿದರೆ ‘ನಾವೆಲ್ಲ ಒಂದೇ ಮನೆಯವರಲ್ಲವೇ’ ಎಂದರು. ಕೆಲಸ ಬಿಟ್ಟ ದಿನ ಫ್ರೇಮ್ ಬಿಚ್ಚಿದರೆ ನನ್ನ ಫೋಟೊದ ಹಿಂದೆ ಇನ್ನೂ ಮೂವರಿದ್ದರು.

ಹಾಸನದ ಹೋಟೆಲಿನವನು: ಇದೆಲ್ಲ ಬಿಡಿ, ಜನ ನಿಲ್ಲುವುದು ಮುಂಗಡಕ್ಕೆ. ದೋಸೆ ಭಟ್ಟರಿಗೆ ತಂಗಿಯ ಮದುವೆಗೆಂದು 60,000 ಕೊಟ್ಟೆ, ತಿಂಗಳಿಗೆ 2,500 ಹಿಡಿದುಕೊಂಡೆ. ಎರಡು ವರ್ಷ ಕಾವಲಿ ಬಿಟ್ಟು ಕದಲಲಿಲ್ಲ. ಸಾಲ ತೀರಿದ ತಿಂಗಳೇ ಹೋದರು, ಅದು ಬೇರೆ ಮಾತು.

ಹಳೆಯ ಟರ್ನರ್: ಅದಕ್ಕೆ ಜೀತ ಎನ್ನುತ್ತಾರೆ ಸ್ವಾಮಿ. 1976ರಲ್ಲೇ ಕಾಯ್ದೆ ತಂದು ರದ್ದು ಮಾಡಿದ್ದಾರೆ.

ಹಾಸನದ ಹೋಟೆಲಿನವನು: ಬಡ್ಡಿಯಿಲ್ಲದೆ ಕೊಟ್ಟವನು ಜೀತಕ್ಕಿಟ್ಟುಕೊಂಡವನೇ? ಯಾವ ಬ್ಯಾಂಕ್ ಕೊಡುತ್ತಿತ್ತು ಅವರಿಗೆ? ಬೆಳಗಿನ ನಾಲ್ಕಕ್ಕೆ ಎದ್ದು ಒಂದು ದಿನ ಹೋಟೆಲಿನ ಬಾಗಿಲು ತೆಗೆಯಿರಿ, ಆಮೇಲೆ ಕಾಯ್ದೆ ಓದಿ ಹೇಳಿ.

ಗಾರ್ಮೆಂಟ್ಸ್ ಸೂಪರ್‌ವೈಸರ್, ಮದ್ದೂರು: ನನ್ನ ಲೈನಿನಲ್ಲಿ 42 ಹೆಂಗಸರು. ಯಾರ ಊರಹಬ್ಬ ಯಾವಾಗ ಎಂದು ಮೊದಲೇ ಕೇಳಿ ರಜೆ ಪಟ್ಟಿ ಬರೆದೆ, ಅಷ್ಟೇ. ಹೇಳದೆ ಕೇಳದೆ ತಪ್ಪಿಸಿಕೊಳ್ಳುವುದು ನಿಂತಿತು. ಮ್ಯಾನೇಜರ್ ಆ ಪಟ್ಟಿಯನ್ನು ತಮ್ಮದೆಂದು ಮೇಲಿನವರಿಗೆ ತೋರಿಸಿದರು. ಈಗ ನನಗೇ ಉತ್ಸಾಹವಿಲ್ಲ.

ಪೀಣ್ಯದವನು: ನಮ್ಮಲ್ಲಿ ಮುಂಗಡವೂ ಇಲ್ಲ, ಫೋಟೊವೂ ಇಲ್ಲ. ಉಳಿದ 11 ಜನರಿಗೆ ಸೋಮವಾರ ಏನು ಹೇಳಲಿ? ಬೋನಸ್ ಶೇ. 8.33 ಕೊಟ್ಟೆ, ಸ್ವೀಟ್ ಬಾಕ್ಸೂ ಕೊಟ್ಟೆ.

ಮಾಚೇನಹಳ್ಳಿ, ಶಿವಮೊಗ್ಗ: 8.33 ಎಂದರೆ ಕಾನೂನಿನ ಕನಿಷ್ಠ, ಅದನ್ನು ಕೊಟ್ಟೆ ಎಂದು ಹೇಳಿಕೊಳ್ಳಬೇಡಿ. ನಾನು 12 ಕೊಟ್ಟವನು.

ಹಳೆಯ ಟರ್ನರ್: ಸ್ವೀಟ್ ಎಷ್ಟು? ನಮಗೆ ಕಾಲು ಕೆ.ಜಿ., ಅದೂ ಡಾಲ್ಡಾದ್ದು.

ಹಾಸನದ ಹೋಟೆಲಿನವನು: ನಮ್ಮಲ್ಲಿ ಅರ್ಧ ಕೆ.ಜಿ. ಮೈಸೂರು ಪಾಕ್, ತುಪ್ಪದ್ದು.

ಹಳೆಯ ಟರ್ನರ್: ಅದನ್ನೂ ಮುಂಗಡದ ಲೆಕ್ಕಕ್ಕೆ ಬರೆದುಕೊಂಡಿರಾ?