ಗ್ರಾನೈಟ್‌ಗೆ ರಂಧ್ರಾನೇ ಇಲ್ಲ ಅಂದ್ಮೇಲೆ ಬೋರಲ್ಲಿ ನೀರು ಎಲ್ಲಿಂದ ಬರುತ್ತೆ?

ಶಿಡ್ಲಘಟ್ಟ_ಬಿಎಸ್ಸಿ

ಎಲ್ರಿಗೂ ನಮಸ್ಕಾರ. ನಾನು ಬಿಎಸ್ಸಿ ಮೊದಲ್ನೇ ವರ್ಷ, ಬಾಟನಿ ಜುವಾಲಜಿ ಮೇನು, ಜೊತೆಗೆ ಭೂವಿಜ್ಞಾನ ಓಪನ್ ಎಲೆಕ್ಟಿವ್ (ಸೀಟು ಅದರಲ್ಲೇ ಉಳಿದಿದ್ದು, ಆಸಕ್ತಿ ಆಮೇಲೆ ಬಂತು). ನೋಟ್ಸಲ್ಲಿ ಗ್ರಾನೈಟು ಅಗ್ನಿಶಿಲೆ, ಹರಳುಗಳು ಒಂದರೊಳಗೊಂದು ಹೆಣ್ಕೊಂಡಿರ್ತವೆ, ನೀರು ಹಿಡಿಯೋ ಜಾಗ ಇರಲ್ಲ ಅಂತ ಬರೆಸಿದಾರೆ. ಸರಿ ಅನ್ಕೊಂಡೆ. ಆದ್ರೆ ಮೊನ್ನೆ ಪಕ್ಕದವರ ರೇಷ್ಮೆ ಸೊಪ್ಪಿನ ತೋಟದಲ್ಲಿ ಬೋರ್ ಕೊರೀತಿದ್ರು, ಲಾರಿ ಸದ್ದಿಗೆ ನಿದ್ದೆ ಬರ್ದೆ ನಾನೂ ಹೋಗಿ ನಿಂತೆ. ಮೊದ್ಲು ಕೆಮ್ಮಣ್ಣು ಬಂತು, ಆಮೇಲೆ ಹಳದಿ ಗರಸು, ಅಲ್ಲಿಗೆ ಕೇಸಿಂಗ್ (ಮಣ್ಣು ಕುಸೀದಂಗೆ ಹಾಕೋ ಪೈಪು) ಇಳಿಸಿದ್ರು, ಅದಾದ್ಮೇಲೆ ಬರೀ ಬೂದಿ ಬಣ್ಣದ ಪುಡಿ, ಹೊಗೆ ಥರ ಎದ್ದು ಎಲ್ಲರ ತಲೆ ಮೇಲೆ ಕೂತ್ಕೊಳ್ತಿತ್ತು. ಸಾವಿರ ಅಡಿ ದಾಟಿದ್ಮೇಲೆ ಎಲ್ಲೋ ಒಂದಿಂಚು ನೀರು ಸಿಕ್ತು ಅಂತ ಖುಷಿಪಟ್ರು.

ನೋಟ್ಸ್ ಸುಳ್ಳಾ, ಬೋರು ಸುಳ್ಳಾ? ಅಷ್ಟು ಆಳಕ್ಕೆ ನೀರು ಹೋಗಿದ್ದು ಹೆಂಗೆ, ಮತ್ತೆ ಒಳಗಿರೋ ಕಲ್ಲು ಬೂದಿ ಬಣ್ಣ ಆದ್ರೆ ಮೇಲಿನ ಮಣ್ಣು ಯಾಕೆ ಕೆಂಪು? ಇನ್ನೊಂದು, ಆ ನೀರು ಕುಡಿಯಕ್ಕಾಗಲ್ಲ ಫ್ಲೋರೈಡ್ ಇರುತ್ತೆ ಅಂತಾರಲ್ಲ, ಅದನ್ನ ಯಾರು ತಂದು ಹಾಕಿದ್ರು ಅಲ್ಲಿಗೆ? ಇಂಟರ್ನಲ್ಸ್ ಹತ್ರ ಬಂದಿದೆ, ದಯವಿಟ್ಟು ಅರ್ಥ ಆಗೋ ಥರ ಹೇಳಿ.

ಕಲ್ಲುಬಂಡೆ

ನಿಮ್ ನೋಟ್ಸೂ ಸರಿ, ಬೋರೂ ಸರಿ. ನೀರು ಕಲ್ಲೊಳಗಿಲ್ಲ, ಕಲ್ಲಿನ ಬಿರುಕೊಳಗಿದೆ. ಬಿರುಕಿಲ್ಲದ ಗಟ್ಟಿ ಗ್ರಾನೈಟಲ್ಲಿ ಖಾಲಿ ಜಾಗ ಸಾಮಾನ್ಯವಾಗಿ ಶೇ 1ಕ್ಕಿಂತ ಕಮ್ಮಿ, ಇರೋ ಅಷ್ಟೂ ಜಾಗ ಒಂದಕ್ಕೊಂದು ಸೇರಿರೋದೂ ಇಲ್ಲ. ಬೋರ್ ಲಾರಿಯವರು 'ಗ್ಯಾಪ್ ಸಿಕ್ತು' ಅಂತಾರಲ್ಲ, ಅದೇ ಇಡೀ ಚಾಪ್ಟರು.

ಬಿರುಕು ಎಲ್ಲಿಂದ ಬಂತು ಅಂದ್ರೆ, ನಮ್ ಚಿಕ್ಕಬಳ್ಳಾಪುರ ಕೋಲಾರ ತುಮಕೂರು ಕಡೆ ಕಾಣೋ ನೈಸ್ (ಶಾಖ ಒತ್ತಡಕ್ಕೆ ಸಿಕ್ಕಿ ಪಟ್ಟೆ ಪಟ್ಟೆಯಾದ ಕಲ್ಲು) ಮತ್ತು ಗ್ರಾನೈಟು ಸುಮಾರು 250 ಕೋಟಿಯಿಂದ 300 ಕೋಟಿ ವರ್ಷ ಹಳೇದು, ಧಾರವಾಡ ಕ್ರೇಟಾನ್ ಅಂತೀವಿ, ಅಂದ್ರೆ ಭೂಖಂಡದ ಹಳೇ ಗಟ್ಟಿ ತುಂಡು. ಈ ಗ್ರಾನೈಟು ಗಟ್ಟಿಯಾಗಿದ್ದು ನೆಲದ ಮೇಲಲ್ಲ, ಎಷ್ಟೋ ಕಿಲೋಮೀಟರ್ ಆಳದಲ್ಲಿ, ಮೇಲೆ ಅಷ್ಟು ಭಾರ ಕೂತಿದ್ದಾಗ. ಕೋಟ್ಯಂತರ ವರ್ಷ ಮಳೆ ಗಾಳಿ ಬಿಸಿಲು ಮೇಲಿನ ಭಾರನೆಲ್ಲ ಸವೆಸಿದ ಹಾಗೆ ಒತ್ತಡ ಕಮ್ಮಿಯಾಗಿ ಬಂಡೆ ಮೇಲಕ್ಕೆ ಹಿಗ್ಗುತ್ತೆ, ಹಿಗ್ಗಿದಾಗ ಈರುಳ್ಳಿ ಸಿಪ್ಪೆ ಹಂಗೆ ಪದರ ಪದರವಾಗಿ ಬಿಡುತ್ತೆ. ನಂದಿ ಬೆಟ್ಟದಲ್ಲಾಗ್ಲಿ ಮಧುಗಿರಿ ಬೆಟ್ಟದಲ್ಲಾಗ್ಲಿ ಬಂಡೆ ಬೋಳು ಬೋಳಾಗಿ ದುಂಡಗಿದ್ದು ಅಲ್ಲಲ್ಲಿ ಚಪ್ಪಡಿ ಎದ್ದಿರೋದು ನೋಡಿರ್ತೀರ, ಅದೇ ಇದು. ಇವು ನೆಲಕ್ಕೆ ಸಮನಾಗಿರೋ ಬಿರುಕುಗಳು. ಭೂಮಿಯ ಹೊರಪದರ ಎಳೆದಾಟಕ್ಕೆ ಸಿಕ್ಕಿದಾಗ ಲಂಬವಾಗಿ ಸೀಳಿರೋವು ಬೇರೆ. ಎರಡೂ ಸೇರ್ಕೊಂಡ ಕಡೆ ನೀರಿಗೆ ದಾರಿ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕು ಮುಚ್ಕೊಳ್ಳುತ್ತೆ, ಸಂಖ್ಯೆನೂ ಕಮ್ಮಿ, ಅದಕ್ಕೇ ಸಾವಿರ ಅಡಿ ಕೊರೆದ್ರೂ ಒಂದಿಂಚೇ ಬಂದಿದ್ದು. ಆಳಕ್ಕೆ ಹೋದಷ್ಟೂ ನೀರು ಜಾಸ್ತಿ ಅನ್ನೋ ನಂಬಿಕೆ ಇದೆಯಲ್ಲ, ಬಂಡೆ ಸೀಮೆಯಲ್ಲಿ ಅದು ಉಲ್ಟಾ.

ಬಣ್ಣದ ವಿಷಯಕ್ಕೆ ಬರೋಣ. ನೀವು ನೋಡಿದ್ದು ಒಂದು ಪೂರ್ತಿ ಶಿಥಿಲೀಕರಣ (ಬಂಡೆ ಕೊಳೆತು ಮಣ್ಣಾಗೋದು) ಪಾಠ, ತಲೆಕೆಳಗಾಗಿ ಬಂತು ಅಷ್ಟೆ. ಬೂದಿ ಪುಡಿ ಅಂದ್ರೆ ತಾಜಾ ಬಂಡೆ. ಅದರಲ್ಲಿ ಬಿಳಿ ಇಲ್ಲಾ ನಸುಗೆಂಪು ಫೆಲ್ಡ್‌ಸ್ಪಾರ್, ಗಾಜಿನಂಥ ಕ್ವಾರ್ಟ್ಸ್, ಕಪ್ಪಗೆ ಮಿನುಗೋ ಬಯೊಟೈಟ್ ಅಭ್ರಕ, ಹಾರ್ನ್‌ಬ್ಲೆಂಡ್ ಇರುತ್ತೆ. ಈ ಕಪ್ಪು ಖನಿಜಗಳಲ್ಲಿ ಕಬ್ಬಿಣ ಇದೆ. ನೀರು ಗಾಳಿ ತಾಗಿದ್ರೆ ಕಬ್ಬಿಣ ತುಕ್ಕು ಹಿಡಿಯುತ್ತೆ, ನೀರಿನಂಶ ಕೂಡಿರೋ ಗೋಥೈಟ್ ಆದ್ರೆ ಹಳದಿ ಕಂದು, ಹೆಮಟೈಟ್ ಆದ್ರೆ ಕೆಂಪು. ಫೆಲ್ಡ್‌ಸ್ಪಾರು ಕೊಳೆತು ಜೇಡಿ ಆಗುತ್ತೆ, ಕ್ವಾರ್ಟ್ಸು ಯಾವುದಕ್ಕೂ ಜಗ್ಗಲ್ಲ, ಮರಳಾಗಿ ಉಳ್ಕೊಳ್ಳುತ್ತೆ. ಗರಸು ಅಂದ್ರೆ ಅರ್ಧ ಕೊಳೆತ ಬಂಡೆ, ಕೈಯಲ್ಲಿ ಹಿಸುಕಿದ್ರೆ ಪುಡಿಯಾಗುತ್ತೆ ಆದ್ರೂ ಒಳಗೆ ಹಳೇ ಕಲ್ಲಿನ ಗೆರೆ ಕಾಣುತ್ತೆ. ಕೇಸಿಂಗ್ ಪೈಪು ಎಲ್ಲಿವರೆಗೆ ಇಳಿಸ್ತಾರೋ ಅಲ್ಲಿಗೆ ಕೊಳೆತ ಪದರ ಮುಗೀತು ಅಂತ ಲೆಕ್ಕ. ಸಾಮಾನ್ಯವಾಗಿ ನೀರಿನ ನಿಜವಾದ ತೊಟ್ಟಿ ಆ ಗರಸು ಪದರವೇ, ಕೆಳಗಿನ ಬಿರುಕುಗಳು ಬರೀ ಪೈಪು. ತೊಟ್ಟಿ ಒಣಗಿದ್ಮೇಲೆ ಪೈಪಲ್ಲಿ ಉಳ್ದಿದ್ದನ್ನ ಹೀರ್ತಾ ಇದೀವಿ ನಾವು.

ಮುಳಬಾಗಿಲು_ರೈತ

ಈ ತಮ್ಮ ಹೇಳಿದ್ದು ದಿಟ. ನಮ್ ತಾತನ ಕಾಲದಾಗೆ ಕಪಿಲೆ ಬಾವಿ ಇತ್ತು, ಎತ್ತು ಕಟ್ಟಿ ಚರ್ಮದ ಬಾನೆಯಾಗೆ ನೀರೆತ್ತೋರು, ಆ ಬಾವಿ ಬಂಡೆ ಸಿಗೋಗಂಟ ತೋಡಿ ನಿಲ್ಸಿರೋರು ಅಷ್ಟೆ, ಅದಕ್ಕೂ ಕೆಳಗೆ ಯಾರೂ ಹೋಗ್ತಿರ್ಲಿಲ್ಲ. ಈಗ ಆ ಬಾವಿಯಾಗೆ ಲಂಟಾನ ಬೆಳ್ದೈತೆ. ಟೊಮೆಟೊಗೆ ಅಂತ ಬೋರ್ ಮೇಲೆ ಬೋರ್ ಕೊರ್ಸಿ ಸಾಲ ಆಗಿರೋರು ನಮ್ಮೂರಾಗೆ ಮನೆಗೊಬ್ರು ಅವ್ರೆ.

ಆದ್ರೆ ಒಂದ್ ಮಾತು. ಒಂದೇ ಹೊಲದಾಗೆ ಇಲ್ಲಿ ಕೊರುದ್ರೆ ಧೂಳು, ಐವತ್ತಡಿ ಆಚೆ ಕೊರುದ್ರೆ ಮೂರಿಂಚು ನೀರು. ನಮ್ ಕಡೆ ತೆಂಗಿನಕಾಯಿ ಅಂಗೈ ಮೇಲೆ ಇಟ್ಕೊಂಡು ಪಾಯಿಂಟ್ ನೋಡೋರು ಅವ್ರೆ, ಕಾಯಿ ಎದ್ದು ನಿಂತ್ಕಂತೈತೆ. ಕೆಳಗೆ ಗಂಗೆ ಹರೀತಾಳೆ ಅಂತಾರೆ, ನದಿ ಅಂಗೆ. ಅದಕ್ಕೇನಂತೀರಿ? ಇನ್ನೊಂದು, ನಮ್ ಹೊಲದ ನಡುವೆ ಕರಿಕಲ್ಲು ಗುಂಡು ಸಾಲಾಗಿ ಒಂದು ದಿಣ್ಣೆ ಹೋಗೈತೆ, ಅದರ ಮೇಲ್ಗಡೆ ಬೋರೆಲ್ಲ ಚೆನ್ನಾಗವೆ, ಕೆಳ್ಗಡೆ ಎಲ್ಲಾ ಫೇಲು.

ಕಲ್ಲುಬಂಡೆ

ಅಣ್ಣಾ, ನೀವು ಕೊನೆಗೆ ಹೇಳಿದ್ದೇ ಚಿನ್ನದಂಥ ಮಾಹಿತಿ. ಆ ಕರಿಕಲ್ಲು ಸಾಲು ಡೈಕ್ ಇರ್ಬೇಕು, ಡಾಲರೈಟ್ ಕಲ್ಲು. ಹಳೇ ಗ್ರಾನೈಟು ಸೀಳಿದಾಗ ಕೆಳಗಿಂದ ಶಿಲಾಪಾಕ ನುಗ್ಗಿ ಗೋಡೆ ಥರ ನಿಂತ್ಕೊಂಡಿದ್ದು, ಬೆಂಗಳೂರು ಸುತ್ತಮುತ್ತ ಇಂಥವು ತುಂಬ ಇವೆ, ಕೆಲವು ಸುಮಾರು 237 ಕೋಟಿ ವರ್ಷದ್ದು. ಬಿರುಕಿಲ್ಲದ ಡೈಕು ನೆಲದೊಳಗಿನ ಕಟ್ಟೆ ಇದ್ದ ಹಾಗೆ, ಇಳಿಜಾರಲ್ಲಿ ಬರೋ ನೀರನ್ನ ಮೇಲ್ಗಡೆ ತಡೆದು ನಿಲ್ಸುತ್ತೆ. ಡೈಕೇ ಒಡೆದಿದ್ರೆ ಅದರಲ್ಲೇ ನೀರು ಓಡಾಡುತ್ತೆ, ಸೋ ಎಲ್ಲಾ ಕಡೆ ಒಂದೇ ರೂಲ್ ಇಲ್ಲ.

ನದಿ ಹರಿಯೋದಂತೂ ಇಲ್ಲ. ಸುಣ್ಣಕಲ್ಲಿನ ಗುಹೆ ಇರೋ ಕಡೆ ನೆಲದೊಳಗೆ ಹೊಳೆ ಇರುತ್ತೆ, ನಮ್ದು ಗ್ರಾನೈಟು, ಇಲ್ಲಿ ಬಿರುಕು ಬೆರಳಗಲ ಇದ್ರೆ ಅದೇ ದೊಡ್ಡದು. ತೆಂಗಿನಕಾಯಿ ಬಗ್ಗೆ ನನ್ ಅಭಿಪ್ರಾಯ ಹೇಳಿದ್ರೆ ಬೇಜಾರು ಮಾಡ್ಕೋಬೇಡಿ, ಕಣ್ಣು ಕಟ್ಟಿ ಪರೀಕ್ಷೆ ಮಾಡಿದಾಗ ಇಂಥ ವಿಧಾನಗಳು ಸುಮ್ನೆ ಊಹೆಗಿಂತ ಮೇಲು ಅಂತ ತೋರ್ಸಿಲ್ಲ. ಹಿಡಿಯೋರು ಅನುಭವಸ್ಥರಾಗಿದ್ರೆ ತಗ್ಗು ಎಲ್ಲಿದೆ, ಹುತ್ತ ಎಲ್ಲಿದೆ, ಯಾವ ಮರ ಬೇಸಿಗೆಲೂ ಹಸಿರಾಗಿದೆ ಅನ್ನೋದನ್ನೆಲ್ಲ ಕಣ್ಣಲ್ಲೇ ನೋಡಿರ್ತಾರೆ, ಕಾಯಿಗೆ ಹೆಸ್ರು ಬರುತ್ತೆ. ದುಡ್ಡು ಹಾಕೋ ಮುಂಚೆ ವಿದ್ಯುತ್ ರೋಧ ಅಳೆಯೋ ಸರ್ವೆ ಮಾಡ್ಸಿ, ಅದೂ ನೂರಕ್ಕೆ ನೂರು ಗ್ಯಾರಂಟಿ ಅಲ್ಲ, ಆದ್ರೂ ಕೊಳೆತ ಪದರ ಎಷ್ಟು ದಪ್ಪ ಅನ್ನೋದಾದ್ರೂ ಗೊತ್ತಾಗುತ್ತೆ.

ನೀರು ಎಷ್ಟು ಹಳೇದು ಅಂತ ಪತ್ತೆ ಹಚ್ಚೋಕೂ ದಾರಿ ಇದೆ, ಪ್ರಶ್ನೆ ಕೇಳಿದ ತಮ್ಮಂಗೆ ಇದು ಎಕ್ಸ್‌ಟ್ರಾ ಮಾರ್ಕ್ಸ್. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಮಳೆನೀರಲ್ಲಿ ಟ್ರಿಟಿಯಂ (ವಿಕಿರಣ ಸೂಸೋ ಹೈಡ್ರೋಜನ್) ಜಾಸ್ತಿ ಆಯ್ತು, ಅದರ ಅರ್ಧಾಯುಷ್ಯ 12.3 ವರ್ಷ, ಅಂದ್ರೆ ಅಷ್ಟು ವರ್ಷಕ್ಕೊಮ್ಮೆ ಅರ್ಧ ಆಗುತ್ತೆ. ಬೋರ್ ನೀರಲ್ಲಿ ಟ್ರಿಟಿಯಂ ಇಲ್ವೇ ಇಲ್ಲ ಅಂದ್ರೆ ಆ ನೀರು ಬಹುಪಾಲು ಅದಕ್ಕಿಂತ ಮುಂಚೆ ಇಂಗಿದ್ದು. ನಮ್ಮಲ್ಲಿ ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು, ಕೊಳೆತ ಗ್ರಾನೈಟ್ ನೈಸ್ ನೆಲದಲ್ಲಿ ಅದರ ಶೇ 8ರಿಂದ 11 ಮಾತ್ರ ಇಂಗುತ್ತೆ ಅಂತ ಅಂತರ್ಜಲದ ಲೆಕ್ಕದಲ್ಲಿ ಹಿಡೀತಾರೆ. ತೆಗೆಯೋದು ಅದಕ್ಕಿಂತ ಜಾಸ್ತಿ ಆದ್ರೆ ಏನಾಗುತ್ತೆ ಅಂತ ಕೋಲಾರದೋರಿಗೆ ಬೇರೆ ಹೇಳ್ಬೇಕಾ.

ಬಯಾಲಜಿ_ತುಮಕೂರು

ನಾನು ಜೀವಶಾಸ್ತ್ರ ಪಾಠ ಮಾಡೋಳು, ಫ್ಲೋರೈಡಿನ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ ಅಂತ ಬಂದೆ. ಕಲ್ಲುಬಂಡೆ ಅವ್ರು ಫೆಲ್ಡ್‌ಸ್ಪಾರ್ ಕೊಳೆಯುತ್ತೆ ಅಂದ್ರಲ್ಲ, ಕೊಳೆಸೋದು ಯಾರು? ಮುಖ್ಯವಾಗಿ ನಿಮ್ಮ ಬಾಟನಿನೇ ಮಗು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 0.04 ಇದ್ರೆ ಮಣ್ಣೊಳಗಿನ ಗಾಳಿಯಲ್ಲಿ ಅದರ ಹತ್ತರಿಂದ ನೂರು ಪಟ್ಟು ಇರುತ್ತೆ, ಯಾಕಂದ್ರೆ ಬೇರುಗಳು ಉಸಿರಾಡ್ತವೆ, ಸೂಕ್ಷ್ಮಜೀವಿಗಳು ಎಲೆಗೊಬ್ಬರ ತಿಂದು ಉಸಿರು ಬಿಡ್ತವೆ. ಮಳೆನೀರು ಈ ಗಾಳಿ ಮೂಲಕ ಇಳಿವಾಗ ಕಾರ್ಬಾನಿಕ್ ಆಮ್ಲ ಆಗುತ್ತೆ. ಸೋಡಾ ನೀರಿನಷ್ಟು ಕೂಡ ಖಾರ ಇಲ್ಲದ ಆಮ್ಲ, ಆದ್ರೆ ಲಕ್ಷಾಂತರ ವರ್ಷ ಟೈಮ್ ಇದೆಯಲ್ಲ. ಬರೀ ಬಂಡೆ ಮೇಲೂ ಕೆಲಸ ನಡೀತಿರುತ್ತೆ, ದೇವರಾಯನದುರ್ಗ ಹತ್ತುವಾಗ ಕಲ್ಲಿನ ಮೇಲೆ ಬೂದಿ, ಹಸಿರು, ಕಿತ್ತಳೆ ಬಣ್ಣದ ಮಚ್ಚೆ ಅಂಟ್ಕೊಂಡಿರೋದು ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳೋ ಜೀವಿ, ಆಕ್ಸಾಲಿಕ್ ಆಮ್ಲ ಬಿಟ್ಟು ಕಲ್ಲನ್ನ ಕೆರೆಯುತ್ತೆ. ಉಗುರಲ್ಲಿ ಎಬ್ಬಿಸಿ ನೋಡಿ, ಅಡಿಯಲ್ಲಿ ಕಲ್ಲಿನ ಪುಡಿ ಅಂಟ್ಕೊಂಡು ಬರುತ್ತೆ.

ಈ ಆಮ್ಲ ಕಲ್ಲಿನ ಜೊತೆ ಸೆಣೆಸಿ ಬೈಕಾರ್ಬನೇಟ್ ಆಗುತ್ತೆ, ನೀರು ಕ್ಷಾರದ ಕಡೆ ವಾಲುತ್ತೆ. ಕಲ್ಲಿಂದ ಬಿಟ್ಟ ಕ್ಯಾಲ್ಸಿಯಂ ಅದರ ಜೊತೆ ಸೇರಿ ಸುಣ್ಣವಾಗಿ ಕೂತ್ಕೊಳ್ಳುತ್ತೆ, ಪಾವಗಡ ಕಡೆ ಹೊಲ ಅಗೆದ್ರೆ ಬಿಳಿ ಸುಣ್ಣದ ಹರಳು ಸಿಗುತ್ತಲ್ಲ, ಅದು. ಇಲ್ಲೇ ಇರೋದು ಕೀಲಿಕೈ. ಗ್ರಾನೈಟಲ್ಲಿ ಫ್ಲೋರೈಡು ಫ್ಲೋರೈಟ್ (ಕ್ಯಾಲ್ಸಿಯಂ ಫ್ಲೋರೈಡ್), ಅಪಟೈಟ್, ಬಯೊಟೈಟ್ ಅನ್ನೋ ಖನಿಜಗಳ ರೂಪದಲ್ಲಿ ಮೊದಲಿಂದ ಇದೆ. ನೀರಲ್ಲಿ ಕ್ಯಾಲ್ಸಿಯಂ ತುಂಬ ಇದ್ರೆ ಫ್ಲೋರೈಟ್ ಕರಗಲ್ಲ, ಕ್ಯಾಲ್ಸಿಯಂ ಸುಣ್ಣವಾಗಿ ಹೊರಟು ಹೋದ್ರೆ ಕರಗೋಕೆ ಅಡ್ಡಿ ಇಲ್ಲ. ಆಳದ ಬಿರುಕಲ್ಲಿ ನೀರು ಬಹಳ ಕಾಲ ಕಲ್ಲಿಗೆ ತಾಗ್ಕೊಂಡೇ ಕೂತಿರುತ್ತೆ, ಇನ್ನೂ ಜಾಸ್ತಿ ಕರಗುತ್ತೆ. ಯಾರೂ ತಂದು ಹಾಕಿದ್ದಲ್ಲ, ಕಾರ್ಖಾನೆದೂ ಅಲ್ಲ, ಆಳಕ್ಕೆ ಹೋಗಿ ನಾವೇ ಅದನ್ನ ಮೇಲಕ್ಕೆ ಎತ್ತಿದ್ದು.

ಕುಡಿಯೋ ನೀರಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಇಲ್ಲದಿದ್ರೆ 1.5ರ ತನಕ ಒಪ್ಪಬಹುದು ಅನ್ನೋದು ಭಾರತದ ಮಾನದಂಡ. ಹಲ್ಲಿನ ಎನಾಮಲ್ ರೂಪುಗೊಳ್ಳೋ ವಯಸ್ಸಲ್ಲಿ, ಅಂದ್ರೆ ಸುಮಾರು ಎಂಟು ವರ್ಷದೊಳಗೆ, ಜಾಸ್ತಿ ಫ್ಲೋರೈಡ್ ಹೊಟ್ಟೆಗೆ ಹೋದ್ರೆ ಮಾತ್ರ ಹಲ್ಲಲ್ಲಿ ಆ ಕಂದು ಪಟ್ಟೆ ಬರೋದು. ಅದಕ್ಕೇ ಒಂದೇ ಮನೆಯಲ್ಲಿ ಇಲ್ಲೇ ಹುಟ್ಟಿದ ಮಕ್ಕಳಿಗೆ ಇರುತ್ತೆ, ಮದುವೆಯಾಗಿ ಬೇರೆ ಊರಿಂದ ಬಂದ ಅಮ್ಮನ ಹಲ್ಲು ಬೆಳ್ಳಗಿರುತ್ತೆ. ಮೂಳೆಗೆ ವಯಸ್ಸಿನ ರಿಯಾಯಿತಿ ಇಲ್ಲ. ಮೂಳೆಯ ಖನಿಜದಲ್ಲಿ ಹೈಡ್ರಾಕ್ಸಿಲ್ ಇರೋ ಜಾಗದಲ್ಲಿ ಫ್ಲೋರೈಡು ಕೂರುತ್ತೆ, ವರ್ಷಗಟ್ಟಲೆ ಜಾಸ್ತಿ ಕುಡಿದ್ರೆ ಕೀಲು ಸೊಂಟ ಬಿಗಿಯಾಗುತ್ತೆ.

ಶಿಡ್ಲಘಟ್ಟ_ಬಿಎಸ್ಸಿ

ಮೇಡಂ, ಅಣ್ಣ, ತುಂಬಾ ಥ್ಯಾಂಕ್ಸ್. ಬಾಟನಿ ನೋಟ್ಸೂ ಭೂವಿಜ್ಞಾನದ ನೋಟ್ಸೂ ಒಂದೇ ಕಡೆ ಇಟ್ಕೊಂಡು ಓದ್ತಿದೀನಿ ಈಗ. ಒಂದೇ ಡೌಟು, ನಮ್ಮಮ್ಮ ಬೋರ್ ನೀರನ್ನ ಚೆನ್ನಾಗಿ ಕುದಿಸಿ ಆರಿಸಿ ಕೊಡ್ತಾರೆ, ಸಾಕಲ್ವಾ?

ಬಯಾಲಜಿ_ತುಮಕೂರು

ಸಾಕಾಗಲ್ಲ ಪುಟ್ಟ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದಿದ್ದರಲ್ಲಿ ಅದರ ಪ್ರಮಾಣ ಜಾಸ್ತಿನೇ ಆಗುತ್ತೆ. ಬಟ್ಟೆಯಲ್ಲಿ ಸೋಸಿದ್ರೂ ಅಷ್ಟೆ. ಮೊದ್ಲು ನೀರು ಟೆಸ್ಟ್ ಮಾಡ್ಸಿ, ಪಕ್ಕಪಕ್ಕದ ಬೋರಲ್ಲೇ ವ್ಯತ್ಯಾಸ ಇರುತ್ತೆ. ಜಾಸ್ತಿ ಬಂದ್ರೆ ಕುಡಿಯೋಕೆ ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ್ದು ತನ್ನಿ, ಇಲ್ಲಾ ಮಳೆನೀರು ಹಿಡಿದಿಡಿ, ಮಳೆನೀರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಸ್ನಾನಕ್ಕೆ ಬಟ್ಟೆಗೆ ಬೋರ್ ನೀರೇ ಆಗುತ್ತೆ.

ಮುಳಬಾಗಿಲು_ರೈತ

ಮೇಡಂ, ನಮ್ಮೂರ್ ಘಟಕದಾಗೆ ಒಂದ್ ಪೈಪಿಂದ ವೇಸ್ಟ್ ನೀರು ಹೋಗ್ತೈತೆ, ಸುಮ್ನೆ ಚರಂಡಿಗೆ ಯಾಕೆ ಅಂತ ತೊಟ್ಟಿ ಕಟ್ಟಿ ಹಸುಗಳಿಗೆ ಬಿಟ್ಟವ್ರೆ, ಅದು ಪರ್ವಾಗಿಲ್ವಾ?

ಬಯಾಲಜಿ_ತುಮಕೂರು

ಬೇಡ ಅಣ್ಣ, ತಕ್ಷಣ ನಿಲ್ಸಿ. ಫಿಲ್ಟರ್ ಆರ್‌ಒ ಆಗಿದ್ರೆ ಒಳ್ಳೇ ನೀರಿಂದ ತೆಗೆದ ಫ್ಲೋರೈಡು ಉಪ್ಪು ಎಲ್ಲಾ ಅದೇ ಪೈಪಲ್ಲಿ ಬರುತ್ತೆ, ಬೋರ್ ನೀರಿಗಿಂತ ಕೆಟ್ಟದ್ದು. ದನಗಳಿಗೂ ಹಲ್ಲು ಸವೆದು ಕಾಲು ಕುಂಟಾಗುತ್ತೆ. ಶೌಚಾಲಯಕ್ಕೆ, ನೆಲ ತೊಳೆಯೋಕೆ ಬಳಸ್ಲಿ.