ಒಂದೇ ಕಡೆ ಬ್ರೇಕ್ ಲೈಟ್ ಹೋಗಿದೆ, ಬಲ್ಬ್ ನಾವೇ ಹಾಕಬಹುದಾ?

ಪ್ರಶ್ನೆ (ದಾವಣಗೆರೆ): ಸರ್, ನಮ್ಮ ಹ್ಯಾಚ್‌ಬ್ಯಾಕ್ ಕಾರಿನ ಎಡಗಡೆ ಬ್ರೇಕ್ ಲೈಟ್ ಹತ್ತುತ್ತಿಲ್ಲ. ಪಾರ್ಕಿಂಗ್ ಲೈಟ್ ಮಾತ್ರ ಹತ್ತುತ್ತೆ. ದಿನಾ ಹರಿಹರಕ್ಕೆ ಹೋಗಿಬರ್ತೀನಿ, ಹಿಂದೆ ಲಾರಿ ಬಂದ್ರೆ ಭಯ. ಯಾವ ಬಲ್ಬ್ ಕೇಳಬೇಕು, ಹೇಗೆ ಬಿಚ್ಚಬೇಕು?

ಉತ್ತರ (ಆಟೊ ಎಲೆಕ್ಟ್ರಿಷಿಯನ್): ಧಾರಾಳವಾಗಿ ಹಾಕ್ಕೊಳ್ರಿ. ಬಲಗಡೆಯದೂ, ಹಿಂದಿನ ಗಾಜಿನ ಹತ್ತಿರ ಮೇಲಿರೋ ಮೂರನೇ ಬ್ರೇಕ್ ಲೈಟೂ ಹತ್ತುತ್ತಿದ್ರೆ ಫ್ಯೂಸ್, ಸ್ವಿಚ್ ಎರಡೂ ಸರಿ ಇವೆ. ಬಲ್ಬ್ ಇಲ್ಲವೇ ಹೋಲ್ಡರ್, ಹೆಚ್ಚಾಗಿ ಇವೆರಡರಲ್ಲೇ ದೋಷ. ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್ ಇರುತ್ತೆ: ಪಾರ್ಕಿಂಗ್‌ಗೆ 5 ವ್ಯಾಟ್, ಬ್ರೇಕ್‌ಗೆ 21 ವ್ಯಾಟ್. ನಿಮ್ಮದರಲ್ಲಿ 21ರದ್ದು ಹೋಗಿರಬೇಕು. ಅಂಗಡಿಯಲ್ಲಿ "12 ವೋಲ್ಟ್ 21/5" ಅನ್ನಿ. ಹಳೇ ಬಲ್ಬ್ ಕೈಯಲ್ಲಿದ್ರೆ ಇನ್ನೂ ಒಳ್ಳೇದು, ಬುಡದಲ್ಲೇ ಬರೆದಿರುತ್ತೆ.

ಕೀ ತೆಗೀರಿ, ಲೈಟ್ ಆಫ್ ಮಾಡ್ರಿ. ಈಗತಾನೆ ಓಡಿಸಿದ್ರೆ ಬಲ್ಬ್ ಆರಲಿ, ಕೈ ಸುಡುತ್ತೆ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಡಿಕ್ಕಿ ಬಾಗಿಲು ತೆರೆದ್ರೆ ಲೈಟಿನ ಒಳ ಅಂಚಲ್ಲಿ ಎರಡು ಸ್ಕ್ರೂ ಕಾಣುತ್ತವೆ. ಅವನ್ನು ಬಿಚ್ಚಿ, ಲೈಟನ್ನು ನೇರ ಹಿಂದಕ್ಕೆ ಎಳೀರಿ. ಹೊರಮಗ್ಗಲಲ್ಲಿ ಪ್ಲಾಸ್ಟಿಕ್ ಗೂಟಗಳು ಸಿಕ್ಕಿಸಿರುತ್ತವೆ. ಪಕ್ಕಕ್ಕೆ ಎಬ್ಬಿದ್ರೆ ಗೂಟ ಮುರಿಯುತ್ತೆ, ಇಡೀ ಲೈಟ್ ತರಬೇಕಾಗುತ್ತೆ. ಹೋಲ್ಡರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದ್ರೆ ಹೊರಬರುತ್ತೆ. ಬಲ್ಬನ್ನು ಒಳಕ್ಕೆ ಒತ್ತಿ, ಎಡಕ್ಕೆ ತಿರುಗಿಸಿ ತೆಗೀರಿ.

ಹೊಸದು ಹಾಕೋ ಮುಂಚೆ ಹೋಲ್ಡರಿನೊಳಗೆ ಇಣುಕಿ ನೋಡ್ರಿ. ಹಸಿರು ಕಿಲುಬು ಅಥವಾ ಬಿಳಿ ಪುಡಿ ಇದ್ರೆ ನಯವಾದ ಎಮರಿ ಪೇಪರ್‌ನಿಂದ ಉಜ್ಜಿ. ಬಲ್ಬ್ ಸರಿಯಾಗೇ ಇದ್ದು, ಇದೊಂದರಿಂದಲೇ ಲೈಟ್ ಹತ್ತದೇ ಇರೋದೂ ಉಂಟು. ಹೊಸ ಬಲ್ಬಿನ ಬುಡದ ಎರಡು ಪಿನ್ ಒಂದೇ ಎತ್ತರದಲ್ಲಿರಲ್ಲ. ಹೋಲ್ಡರಿನಲ್ಲಿ ಪಿನ್ ಕೂರೋ ಕಚ್ಚುಗಳೂ ಹಾಗೇ. ಕೂರ್ತಿಲ್ಲ ಅಂದ್ರೆ ಅರ್ಧ ಸುತ್ತು ತಿರುಗಿಸಿ ನೋಡ್ರಿ, ಬಲವಂತ ಬೇಡ. ಸ್ಕ್ರೂ ಬಿಗಿಯೋ ಮುಂಚೆ ಒಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ ನೋಡ್ಕೊಳ್ರಿ. ರಬ್ಬರ್ ಗ್ಯಾಸ್ಕೆಟ್ ಮಡಚದ ಹಾಗೆ ಕೂರಿಸ್ರಿ. ಅಲ್ಲಿಂದ ನೀರಿಳಿದ್ರೆ ಮತ್ತೆ ಕಿಲುಬು.

ಪ್ರಶ್ನೆ (ಚಿತ್ರದುರ್ಗ): ಅಣ್ಣ, ನಾನೂ ಬಲ್ಬ್ ಹಾಕಿದೆ. ಈಗ ಬ್ರೇಕ್ ಒತ್ತಿದ್ರೆ ಪಾರ್ಕಿಂಗ್ ಲೈಟ್, ಮೀಟರ್ ಲೈಟ್ ಎಲ್ಲಾ ಹತ್ತುತ್ತಿವೆ!

ಉತ್ತರ: ಒಂದೇ ಫಿಲಮೆಂಟಿನ 21 ವ್ಯಾಟ್ ಬಲ್ಬ್ ಹಾಕಿದ್ದೀರೇನೋ. ಬುಡದ ಅಗಲ ಒಂದೇ, 15 ಮಿಲಿಮೀಟರ್, ಹಾಗಾಗಿ ತುರುಕಿದ್ರೆ ಹೋಗುತ್ತೆ. ಆದ್ರೆ ಅದರ ತಳದಲ್ಲಿರೋದು ಒಂದೇ ಸೀಸದ ಬೊಟ್ಟು. ಅದು ಹೋಲ್ಡರಿನ ಎರಡೂ ಕಾಂಟ್ಯಾಕ್ಟ್ ಮುಟ್ಟಿ, ಬ್ರೇಕಿನ ಕರೆಂಟನ್ನು ಪಾರ್ಕಿಂಗ್ ಲೈನಿಗೂ ಹರಿಸುತ್ತೆ. ತಳದಲ್ಲಿ ಎರಡು ಬೊಟ್ಟಿರೋದನ್ನೇ ತಗೊಳ್ರಿ.

ಬಲ್ಬ್ ಸರಿಯಿದ್ದೂ ಬ್ರೇಕ್ ಒತ್ತಿದಾಗ ಅದೇ ಕಡೆಯ ಇಂಡಿಕೇಟರ್ ಮಂಕಾಗಿ ಹೊಳೆದ್ರೆ ಅದು ಅರ್ಥ್ ತೊಂದರೆ. ವಾಪಸ್ ಹೋಗೋ ದಾರಿ ಸಿಗದೆ ಕರೆಂಟ್ ಪಕ್ಕದ ಬಲ್ಬಿನ ಮೂಲಕ ಹೋಗುತ್ತೆ. ಅರ್ಥ್ ವೈರ್, ಸಾಮಾನ್ಯವಾಗಿ ಕಪ್ಪು, ಬಾಡಿಗೆ ಸೇರೋ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ ಬಿಗೀರಿ.

ಪ್ರಶ್ನೆ: ಎಲ್‌ಇಡಿ ಹಾಕಿದ್ರೆ ಹೇಗೆ?

ಉತ್ತರ: ಹಾಕಬಹುದು, ಆದ್ರೆ ಕೆಂಪು ಗ್ಲಾಸಿನ ಹಿಂದೆ ಕೆಂಪು ಎಲ್‌ಇಡಿಯೇ ಇರಲಿ. ಬಿಳಿಯದು ಹಾಕಿದ್ರೆ ಬಣ್ಣ ಪೇಲವ. ಕೆಲವು ಅಗ್ಗದವುಗಳಲ್ಲಿ ಪಾರ್ಕಿಂಗ್‌ಗೂ ಬ್ರೇಕ್‌ಗೂ ಬೆಳಕಿನಲ್ಲಿ ವ್ಯತ್ಯಾಸವೇ ಇರಲ್ಲ, ರಾತ್ರಿ ಹಿಂದಿನವರಿಗೆ ನೀವು ಬ್ರೇಕ್ ಹಾಕಿದ್ದೇ ಗೊತ್ತಾಗಲ್ಲ. ನನ್ನ ಕೇಳಿದ್ರೆ ಮಾಮೂಲಿ ಬಲ್ಬೇ ಸಾಕು.

ಪ್ರಶ್ನೆ: ನಮ್ಮದರಲ್ಲಿ ಮೂರೂ ಹತ್ತುತ್ತಿಲ್ಲ, ಮೂರು ಬಲ್ಬ್ ತರಲಾ?

ಉತ್ತರ: ಬೇಡ. ಮೂರೂ ಒಟ್ಟಿಗೆ ಸುಡೋದು ಅಪರೂಪ. ಫ್ಯೂಸ್ ಬಾಕ್ಸಿನ ಮುಚ್ಚಳದಲ್ಲಿ 'ಸ್ಟಾಪ್' ಅಂತಿರೋದನ್ನು ನೋಡ್ರಿ, ಸುಟ್ಟಿದ್ರೆ ಅಷ್ಟೇ ಆಂಪಿಯರಿನದು ಹಾಕ್ರಿ, ಹೆಚ್ಚಿನದು ಬೇಡವೇ ಬೇಡ. ಫ್ಯೂಸ್ ಸರಿಯಿದ್ರೆ ಬ್ರೇಕ್ ಪೆಡಲ್ ಮೇಲ್ಗಡೆಯ ಸ್ವಿಚ್ ನೋಡ್ಬೇಕು. ಅದರ ಪ್ಲಗ್ ಕಳಚಿ, ಕೀ ಆನ್ ಮಾಡಿ, ಪ್ಲಗ್ಗಿನ ಎರಡು ಕಾಂಟ್ಯಾಕ್ಟಿಗೂ ಒಂದು ತುಂಡು ವೈರ್ ಸೇರಿಸ್ರಿ. ಲೈಟ್ ಹತ್ತಿದ್ರೆ ದೋಷ ಸ್ವಿಚ್ಚಿನದು. ಎರಡಕ್ಕಿಂತ ಹೆಚ್ಚು ವೈರ್ ಇರೋ ಪ್ಲಗ್ ಆದ್ರೆ ಈ ಪರೀಕ್ಷೆಗೆ ಕೈ ಹಾಕಬೇಡ್ರಿ, ಗಾಡಿ ತಗೊಂಡು ಬನ್ನಿ.