ಸಹಾಯ ಬೇಕು: ಮತ್ಸುಮೊತೊ ಕೋಟೆ ಮತ್ತು ಅಮ್ಮನ ಮಂಡಿನೋವು

ಏಪ್ರಿಲ್‌ನಲ್ಲಿ ಚೆರಿ ಹೂವಿನ ಹೊತ್ತಿಗೆ ಅಮ್ಮನೊಂದಿಗೆ ಜಪಾನಿನ ಮತ್ಸುಮೊತೊಗೆ ಹೋಗುತ್ತಿದ್ದೇವೆ. ಸುತ್ತ ಹಿಮದ ಬೆಟ್ಟಗಳು, ನಡುವೆ ಕಪ್ಪು ಹಲಗೆಯ ಕೋಟೆ. ಅಮ್ಮನಿಗೆ ಒಳಗೆ ಹೋಗಲೇಬೇಕಂತೆ, ಆದರೆ ಮಂಡಿನೋವು.

ಮುಖ್ಯ ಗೋಪುರ ಹೊರಗಿನಿಂದ ಐದು ಅಂತಸ್ತಿನಂತೆ ಕಂಡರೂ ಒಳಗೆ ಆರು. ಲಿಫ್ಟ್ ಇಲ್ಲ. ಮೆಟ್ಟಿಲುಗಳ ಇಳಿಜಾರು 61 ಡಿಗ್ರಿಯವರೆಗೆ, ಏಣಿಯೆಂದರೇ ಸರಿ! ಪ್ರವಾಸ ಏಜೆಂಟರನ್ನು ಕೇಳಿದರೆ ‘ನಿಧಾನವಾಗಿ ಹತ್ತಿಸಿ’ ಎನ್ನುತ್ತಾರೆ. ವಿಡಿಯೊಗಳೆಲ್ಲ ತುದಿಯ ನೋಟವನ್ನೇ ತೋರಿಸುತ್ತವೆ.

1630ರ ದಶಕದಲ್ಲಿ ಸೇರಿಸಿದ, ಮೂರು ಕಡೆ ತೆರೆದ ಚಂದ್ರದರ್ಶನದ ಮಂಟಪ ಅಷ್ಟು ಎತ್ತರದಲ್ಲಿಲ್ಲ. ಆದರೆ ಅದು ಬರುವುದು ಗೋಪುರ ಹತ್ತಿ ಇಳಿದ ಮೇಲೆ, ದಾರಿಯ ಕೊನೆಯಲ್ಲಿ. ನನ್ನ ಗೊಂದಲ ಇಷ್ಟೇ.

ಹೋಗಿ ಬಂದವರು ಹೇಳಿ: ಗೋಪುರ ಹತ್ತದೆ ನೇರವಾಗಿ ಆ ಮಂಟಪಕ್ಕೆ ಬಿಡುತ್ತಾರೆಯೇ? ಇಲ್ಲವಾದರೆ, ನಾವು ಇಳಿದು ಬರುವವರೆಗೆ ಅಮ್ಮ ಒಳ ಉದ್ಯಾನದಲ್ಲಿ ಕುಳಿತಿರಲು ಬೆಂಚುಗಳಿವೆಯೇ?